ವಾರಕ್ಕೊಂದು ಫೋಟೋ ಅಭ್ಯಾಸ: ಮಳೆಗಾಲ ಬಂತು, ಮುಂದೆ ಹ್ಯಾಗೆ?

ತುಂಗಾದಡ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ಜನವರಿಯಿಂದ ವಾರಕ್ಕೊಂದು ಫೋಟೋ ಅಂತ ಹಿಡ್ಕೊಂಡಿದೀನಿ. ಭಾನುವಾರ ಬೆಳಗ್ಗೆ ಬೈಕ್ ಹತ್ತೋದು, ಎಲ್ಲಾದ್ರೂ ಹೋಗೋದು, ರಾತ್ರಿ ಕೂತು ಅದ್ರಲ್ಲಿ ಒಂದನ್ನ ಆರಿಸಿ ಫೋಲ್ಡರಿಗೆ ಹಾಕೋದು. ಕುಂದಾದ್ರಿ, ಕವಲೇದುರ್ಗ, ಗಾಜನೂರು, ಕೂಡ್ಲಿ, ಸಕ್ರೆಬೈಲು ಎಲ್ಲಾ ಆಯ್ತು. ಈಗ ಆರಿದ್ರಾ ಮಳೆ ಶುರು, ಬೈಕ್ ತೆಗೆಯೋ ಹಾಗಿಲ್ಲ, ಬೆಳಗ್ಗೆ ಹತ್ತಾದ್ರೂ ಸಂಜೆ ಆರರ ತರ ಕತ್ತಲೆ. ಅಭ್ಯಾಸ ಇಲ್ಲಿಗೇ ನಿಂತ್ಹೋಗತ್ತೇನೋ ಅಂತ ಭಯ.
ಇನ್ನೊಂದು ವಿಷಯ, ಇದೇ ನಿಜವಾದ ಪ್ರಶ್ನೆ. ಜನವರಿ ಫೋಟೋನೂ ಜೂನ್ ಫೋಟೋನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ದೊಡ್ಡ ವ್ಯತ್ಯಾಸ ಕಾಣ್ತಿಲ್ಲ. ಶಾರ್ಪ್ ಇದೆ, ಬಣ್ಣ ಇದೆ, ಆದ್ರೆ ಯಾರು ತೆಗೆದ್ರೂ ಹೀಗೇ ಬರ್ತಿತ್ತು ಅನ್ಸತ್ತೆ. ವಾರ ವಾರ ತೆಗೆದ್ರೆ ಸುಧಾರಿಸ್ತೀವಿ ಅಂತಾರಲ್ಲ, ಅದು ನಿಜಾನಾ? ನಿಮಗೆಲ್ಲ ಹ್ಯಾಗೆ ಆಯ್ತು ಹೇಳಿ. ನನ್ನ ಹತ್ರ ಇರೋದು ಹಳೆ ಡಿಎಸ್ಎಲ್ಆರ್ ಕ್ಯಾಮೆರಾ, 18-55 ಮತ್ತೆ ದೂರದ್ದು ಹತ್ರ ತರೋ 55-250 ಲೆನ್ಸ್.

ಗೋಪಿಸರ್ಕಲ್:
ಮೊದಲು ಕ್ಯಾಮೆರಾ ಜೊತೆ ಬಂದ ಆ ಕಿಟ್ ಲೆನ್ಸ್ ಪಕ್ಕಕ್ಕಿಟ್ಟು, ಜಾಸ್ತಿ ಬೆಳಕು ಒಳಗೆ ಬಿಡೋ ಒಂದು 50 ಎಂಎಂ 1.8 ಲೆನ್ಸ್ ತಗೋ ಮಾರಾಯ. ಮಳೆಗಾಲದ ಕತ್ತಲೆಗೆ ಅರ್ಧ ಪರಿಹಾರ ಅಲ್ಲೇ ಸಿಗತ್ತೆ.

ಅಂಗಳದಿಂದ (ಹೊಸನಗರ):
ಶುರುವಾಯ್ತು ನೋಡಿ, ಪ್ರಶ್ನೆ ಕೇಳಿದ ಐದು ನಿಮಿಷಕ್ಕೆ ಲೆನ್ಸ್ ತಗೋ ಅಂತ. ಅವರು ಕೇಳಿದ್ದು ಅಭ್ಯಾಸದ ಬಗ್ಗೆ.

ಗೋಪಿಸರ್ಕಲ್:
ಅಕ್ಕ, 55-250 ಮಳೆಗಾಲದಲ್ಲಿ ತೋಟದೊಳಗೆ ತಗೊಂಡ್ ಹೋಗಿ ನೋಡಿ, ಎಫ್ 5.6ರಲ್ಲಿ (ಲೆನ್ಸಿನ ಬಾಯಿ ಅಷ್ಟೇ ತೆರೆಯೋದು) ಶಟರ್ 1/30 ಸೆಕೆಂಡಿನ ಮೇಲೆ ಏಳಲ್ಲ. 250ರಲ್ಲಿ ಕೈಯಲ್ಲಿ ಹಿಡಿದು ತೆಗೆಯೋಕೆ ಕ್ರಾಪ್ ಸೆನ್ಸರ್ (ಫಿಲ್ಮ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಲೆಕ್ಕ ಸೇರಿಸಿ 1/400 ಆದ್ರೂ ಬೇಕು. ಹೇಳಿದ್ದು ಕಾರಣ ಇಟ್ಕೊಂಡೇ.

ಹಳೇಸ್ಟುಡಿಯೋ:
ತಮ್ಮಾ, ನಾನು ಶಿವಮೊಗ್ಗದಲ್ಲಿ ಫಿಲ್ಮ್ ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದವನು. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ವಾರಕ್ಕೊಂದು ತೆಗೆಯೋದ್ರಿಂದ ಯಾರೂ ಸುಧಾರಿಸಲ್ಲ, ವಾರಕ್ಕೊಮ್ಮೆ ಕೂತು ನೋಡೋದ್ರಿಂದ ಸುಧಾರಿಸ್ತಾರೆ. ಆಗ ಒಂದು ರೋಲಿಗೆ 36 ಫ್ರೇಮು. ತೊಳೆದು, ಕಾಂಟ್ಯಾಕ್ಟ್ ಶೀಟ್ (ಎಲ್ಲ ಫ್ರೇಮೂ ಒಂದೇ ಹಾಳೆಯಲ್ಲಿ ಚಿಕ್ಕದಾಗಿ) ಹಾಕಿ, ಲೂಪ್ (ಭೂತಗನ್ನಡಿ) ಹಿಡಿದು 36ನ್ನೂ ಒಟ್ಟಿಗೆ ನೋಡ್ತಿದ್ವಿ. ಯಾವುದು ಪ್ರಿಂಟಿಗೆ ಅಂತ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕೋವಾಗಲೇ ಗೊತ್ತಾಗ್ತಿತ್ತು, ಒಂದು ಹೆಜ್ಜೆ ಎಡಕ್ಕೆ ಹೋಗಿದ್ರೆ ಆ ಕಂಬ ತಲೆ ಮೇಲೆ ಬರ್ತಿರಲಿಲ್ಲ ಅಂತ. ಆ ಶೀಟಿನಲ್ಲಿ ಇವನು ಹ್ಯಾಗೆ ಯೋಚನೆ ಮಾಡಿದ, ಎಲ್ಲಿ ಬಿಟ್ಟುಕೊಟ್ಟ ಅನ್ನೋದು ಸಾಲಾಗಿ ಕಾಣ್ತಿತ್ತು. ಈಗ ಕಾರ್ಡಿನಲ್ಲಿ ಸಾವಿರ ಹಿಡಿಯತ್ತೆ, ಚೆನ್ನಾಗಿರೋದನ್ನ ಬೆರಳಲ್ಲಿ ಸರಿಸಿ ಸರಿಸಿ ಎತ್ಕೋತೀರಿ, ಉಳಿದದ್ದು ಯಾಕೆ ಆಗಲಿಲ್ಲ ಅಂತ ಯಾರೂ ಕೇಳ್ಕೊಳ್ಳಲ್ಲ.
ನೀನು ಒಂದು ಕೆಲಸ ಮಾಡು. ಆರಿಸಿದ ಫೋಟೋ ಕೆಳಗೆ ಎರಡು ಸಾಲು ಬರಿ, ಇದನ್ನ ಯಾಕೆ ಆರಿಸಿದೆ ಅಂತ. 'ಚೆನ್ನಾಗಿದೆ' ಅನ್ನೋ ಪದ ಉಪಯೋಗಿಸಬಾರದು. ಬರೆಯೋಕೆ ಆಗ್ಲಿಲ್ಲ ಅಂದ್ರೆ ಆ ವಾರ ಫೋಟೋ ಇಲ್ಲ ಅಂತ ಲೆಕ್ಕ. ತಿಂಗಳಿಗೊಮ್ಮೆ ಆ ನಾಲ್ಕನ್ನೂ 4x6 ಪ್ರಿಂಟ್ ಹಾಕ್ಸಿ ಗೋಡೆಗೆ ಅಂಟಿಸು. ಗೋಡೆ ಮೇಲೆ ದಿನಾ ಕಣ್ಣಿಗೆ ಬೀಳೋ ಫೋಟೋ ಹದಿನೈದು ದಿನದಲ್ಲಿ ಬೇಜಾರು ಬಂದ್ರೆ ಅದರಲ್ಲಿ ಏನೂ ಇರಲಿಲ್ಲ ಅಂತಲೇ.

ಭದ್ರಾವತಿ_ಟೌನ್:
ಆ 'ಚೆನ್ನಾಗಿದೆ' ಬರೀಬಾರದು ಅನ್ನೋ ನಿಯಮ ಬಹಳ ಹಿಡಿಸ್ತು ಸರ್. ಇವತ್ತೇ ಶುರು.

ಗೋಪಿಸರ್ಕಲ್:
ಹಳೇಸ್ಟುಡಿಯೋ ಸರ್ ಹೇಳಿದ್ದು ಒಪ್ತೀನಿ, ಆದ್ರೆ ತೆಗೆಯೋದ್ರಿಂದ ಸುಧಾರಿಸಲ್ಲ ಅನ್ನೋದು ಜಾಸ್ತಿ ಆಯ್ತು. ಕೈಗೆ ಅಭ್ಯಾಸ ಬೇಕಲ್ವಾ. ಕತ್ತಲೆಯಲ್ಲಿ ಕಣ್ಣು ವ್ಯೂಫೈಂಡರಿನಿಂದ ತೆಗೀದೆ ಐಎಸ್ಒ (ಬೆಳಕಿನ ಸಂವೇದನೆ) ಬದಲಿಸೋದು, ಫೋಕಸ್ ಪಾಯಿಂಟ್ ಸರಿಸೋದು, ಇದೆಲ್ಲ ಕೂತು ನೋಡಿದ್ರೆ ಬರಲ್ಲ. ವಾರಗಟ್ಟಲೆ ಕ್ಯಾಮೆರಾ ಮುಟ್ಟದೆ ಇದ್ದು ಜಾತ್ರೆ ದಿನ ಎತ್ಕೊಂಡ್ರೆ ಬೆರಳೇ ತಡಕಾಡತ್ತೆ.

ಹಳೇಸ್ಟುಡಿಯೋ:
ಅದು ಸರಿ. ಕೈಗೆ ಒಂದು, ಕಣ್ಣಿಗೆ ಒಂದು. ಆದ್ರೆ ಈ ಹುಡುಗನ ಕೈ ಆಗಲೇ ಪಳಗಿದೆ, ಶಾರ್ಪ್ ಬರ್ತಿದೆ ಅಂತ ಅವನೇ ಹೇಳಿದಾನೆ. ಬಾಕಿ ಇರೋದು ಕಣ್ಣು.

ಅಂಗಳದಿಂದ (ಹೊಸನಗರ):
ನಾನು ಬರೀ ಮೊಬೈಲಿನಲ್ಲಿ ತೆಗೆಯೋಳು, ಹಾಗಾಗಿ ಲೆನ್ಸ್ ಮಾತಿಗೆ ನಾನಿಲ್ಲ. ಆದ್ರೆ ವಾರಕ್ಕೊಂದು ಅನ್ನೋದನ್ನ ನಾನು ಮೂರು ಮಳೆಗಾಲದಿಂದ ಬಿಟ್ಟಿಲ್ಲ, ಹಾಗಾಗಿ ಹೇಳ್ತೀನಿ. ನೀವು ಬರ್ದಿದ್ದು ಓದಿದಾಗ ನನಗೆ ಕಂಡಿದ್ದು ಊರುಗಳ ಹೆಸರು. ಪ್ರತಿ ವಾರ ಹೊಸ ಊರು. ಹೊಸ ಜಾಗಕ್ಕೆ ಹೋದ್ರೆ ಆ ಜಾಗಾನೇ ಚಂದ ಇರತ್ತೆ, ನಾವು ಏನೂ ಮಾಡೋದೇ ಬೇಡ, ಮೊಬೈಲ್ ಎತ್ತಿದ್ರೆ ಸಾಕು. ಕವಲೇದುರ್ಗದ ಮೇಲೆ ನಿಂತು ಕೆಟ್ಟ ಫೋಟೋ ತೆಗೆಯೋದು ಕಷ್ಟ. ಅದಕ್ಕೇ ನಿಮಗೆ ಯಾರು ತೆಗೆದ್ರೂ ಹೀಗೇ ಅನ್ಸೋದು.
ನಂಗೆ ಎಲ್ಲೂ ಹೋಗೋಕಾಗಲ್ಲ. ಮನೆ, ತೋಟ, ಕೊಟ್ಟಿಗೆ, ಅತ್ತೆ, ಮಕ್ಕಳ ಸ್ಕೂಲು. ನನ್ನ ಜಾಗ ನಮ್ಮನೆ ಅಂಗಳ ಮತ್ತೆ ಅದರ ಜಗಲಿ. ಜನವರಿಯಲ್ಲಿ ಅಂಗಳದ ತುಂಬ ಬೇಯಿಸಿದ ಅಡಿಕೆ ಕೆಂಪಗೆ ಒಣಗ್ತಿರತ್ತೆ, ಮೇನಲ್ಲಿ ಸೋಗೆ ಹಾಳೆ ಒಟ್ಟಿರ್ತಾರೆ, ಈಗ ಪಾಚಿ ಕಟ್ಟಿ ಕಾಲಿಟ್ರೆ ಜಾರತ್ತೆ ಅಂತ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿದೀವಿ. ಅತ್ತೆ ಅದೇ ದಬ್ಬೆ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ತುಳಸಿಕಟ್ಟೆಗೆ ಹೋಗೋದನ್ನ ನಾನು ಎಷ್ಟು ಸಲ ತೆಗೆದಿದೀನೋ. ಮೊದಮೊದಲು ಅತ್ತೆ ಮುಖ ಮಾತ್ರ ತೆಗೀತಿದ್ದೆ. ಆಮೇಲೆ ಕಾಲು ಕಂಡ್ತು. ಆಮೇಲೆ ಕೊಡೆ, ದಬ್ಬೆ, ಕಾಲು ಮೂರೂ ಒಂದೇ ಸಾಲಿಗೆ ಬರೋದು ಜಗಲಿಯ ಎರಡನೇ ಮೆಟ್ಟಿಲಲ್ಲಿ ಕೂತ್ರೆ ಮಾತ್ರ ಅಂತ ಗೊತ್ತಾಯ್ತು. ಇದು ಗೊತ್ತಾಗೋಕೆ ಅದೇ ಜಾಗದಲ್ಲೇ ಇರಬೇಕಿತ್ತು.
ಮತ್ತೆ ಭಾನುವಾರವೇ ಅಂತ ಯಾರು ಹೇಳಿದ್ದು? ನಂಗೆ ಭಾನುವಾರ ಮನೆ ತುಂಬ ಜನ. ಬುಧವಾರ ಮಧ್ಯಾಹ್ನ ಊಟ ಆದ್ಮೇಲೆ ಅರ್ಧ ಗಂಟೆ, ಅದು ನನ್ನದು.

ತುಂಗಾದಡ:
ಅಕ್ಕ, ಇದನ್ನ ಎರಡು ಸಲ ಓದಿದೆ. ಕವಲೇದುರ್ಗದ ಮಾತು ಸರಿಯಾಗಿ ತಾಗ್ತು. ಥ್ಯಾಂಕ್ಸ್.

ಸಾಗರ_ಸೀಮೆ:
ಅಂಗಳದಿಂದ ಅಕ್ಕನ ಮಾತಿಗೆ ನಂದೊಂದು ಸೇರ್ಸ್ತೀನಿ. ಸಿಗಂದೂರಿಗೆ ಹೋಗೋಕೆ ಶರಾವತಿ ಹಿನ್ನೀರು ದಾಟಿಸೋ ಅಂಬಾರಗೋಡ್ಲು ಲಾಂಚ್ ಗೊತ್ತಲ್ಲ ಎಲ್ಲರಿಗೂ. ಹೊಳೆಯಾಚೆ ನಮ್ಮ ನೆಂಟರ ಮನೆ ಇರೋದ್ರಿಂದ ನಾನು ಆಗಾಗ ದಾಟ್ತಿದ್ದೆ, ದಾಟಿದಾಗೆಲ್ಲ ಲಾಂಚಿನ ಮೇಲೆ ಒಂದಾದ್ರೂ ಫೋಟೋ. ಬಸ್ಸು, ಹಾಲಿನ ಕ್ಯಾನು, ಮದುವೆ ದಿಬ್ಬಣ, ಆಸ್ಪತ್ರೆಗೆ ಹೊರಟವರು. ಸ್ನೇಹಿತರು ಅದನ್ನೇ ಎಷ್ಟು ತೆಗೀತೀಯ ಅಂತಿದ್ರು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯ್ತು, ಎರಡೂ ಚಿಲ್ಲರೆ ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ. ಈಗ ಲಾಂಚಿಗೆ ಕಾದು ನಿಲ್ಲೋ ಆ ಬದುಕೇ ಇಲ್ಲ. ಊರಿನವರು ಈಗ ನನ್ನ ಹತ್ರ ಆ ಫೋಟೋ ಕೇಳ್ಕೊಂಡು ಬರ್ತಾರೆ. ಜೋಗದ ಫೋಟೋನ ಮಾತ್ರ ಇವತ್ತಿಗೂ ಒಬ್ರೂ ಕೇಳಿಲ್ಲ.

ಗೋಪಿಸರ್ಕಲ್:
ಜೋಗದ್ದು ಯಾಕೆ ಕೇಳ್ತಾರೆ, ಎಲ್ಲರ ಫೋನಲ್ಲೂ ಅದೇ ವ್ಯೂ ಪಾಯಿಂಟಿನ ಅದೇ ಫೋಟೋ ಇದೆ.

ಸಾಗರ_ಸೀಮೆ:
ಜೋಗಾನೂ ಬೇರೆ ತರ ತೆಗೀಬಹುದು ಗೋಪಿಸರ್ಕಲ್ ಅವ್ರೆ. ಮಳೆ ಜೋರಾದಾಗ ಮಂಜು ಮುಚ್ಚಿ ಏನೂ ಕಾಣ್ದೆ ಜನ ಬೈಕೊಂಡು ವಾಪಸ್ ಹೋಗ್ತಾರೆ. ಕಾದ್ರೆ ಎರಡೋ ಮೂರೋ ನಿಮಿಷ ತೆರೆಯತ್ತೆ. ಪೂರ್ತಿ ಅಲ್ಲ, ರಾಜ ಧಾರೆ ಮಾತ್ರ ಅಥವಾ ರಾಕೆಟ್ ಧಾರೆ ಮಾತ್ರ. ಆ ಅರ್ಧ ಕಂಡಿದ್ದು ನಾಲ್ಕೂ ಒಟ್ಟಿಗೆ ಕಂಡಿದ್ದಕ್ಕಿಂತ ಚೆನ್ನಾಗಿರತ್ತೆ. ಜೊತೆಗೆ ಕೊಡೆ ಹಿಡಿದ ಒಬ್ಬ ಮನುಷ್ಯನನ್ನ ಚೌಕಟ್ಟಿನ ಮೂಲೆಗೆ ಸೇರ್ಸಿ. 253 ಮೀಟರ್ ಎತ್ತರ ಅನ್ನೋದು ಪಕ್ಕದಲ್ಲಿ ಏನಾದ್ರೂ ಚಿಕ್ಕದು ಇದ್ರೇನೇ ಗೊತ್ತಾಗೋದು.

ಭದ್ರಾವತಿ_ಟೌನ್:
ಲಿಂಗನಮಕ್ಕಿ ಡ್ಯಾಮಿನ ಗೇಟ್ ತೆಗೆದಾಗ ಹೋಗ್ಬೇಕು, ಬೇಸಿಗೆಯಲ್ಲಿ ಹೋದ್ರೆ ಬಂಡೆ ನೋಡ್ಕೊಂಡು ಬರ್ಬೇಕು.

ಮೇಗರವಳ್ಳಿ_ಮಳೆ:
ಎಲ್ಲರೂ ಕಣ್ಣು ಮನಸ್ಸು ಅಂತಿದೀರಿ, ಆಗುಂಬೆ ಹತ್ರ ಇರೋ ನಂಗೆ ಮಳೆಗಾಲ ಅಂದ್ರೆ ಮೊದಲು ನೆನಪಾಗೋದು ಫಂಗಸ್. ತುಂಗಾದಡ, ನೀವು ಮಳೆಗಾಲ ಅಂತ ಕ್ಯಾಮೆರಾ ಬ್ಯಾಗಿನೊಳಗಿಟ್ಟು ಗಾಡ್ರೇಜಿನೊಳಗೆ ಬೀಗ ಹಾಕಿ ಸೆಪ್ಟೆಂಬರ್‌ಗೆ ತೆಗೆದ್ರೆ ಲೆನ್ಸಿನೊಳಗೆ ಜೇಡರ ಬಲೆ ಸಿಗತ್ತೆ. ನಿಮ್ಮ ಅಭ್ಯಾಸ ಮುಂದುವರಿಸೋಕೆ ಇದೇ ದೊಡ್ಡ ಕಾರಣ. ವಾರ ವಾರ ಹೊರಗೆ ತೆಗೆದು ಗಾಳಿ ಬೆಳಕು ಕಂಡ ಲೆನ್ಸಿಗೆ ಫಂಗಸ್ ಅಷ್ಟು ಬೇಗ ಹಿಡಿಯಲ್ಲ.

ಭದ್ರಾವತಿ_ಟೌನ್:
ಅಕ್ಕಿ ಡಬ್ಬದಲ್ಲಿ ಇಟ್ರೆ ಆಗಲ್ವಾ? ನಮ್ಮ ಚಿಕ್ಕಪ್ಪ ಹಾಗೇ ಇಡ್ತಾರೆ.

ಮೇಗರವಳ್ಳಿ_ಮಳೆ:
ದಯವಿಟ್ಟು ಬೇಡ. ಅಕ್ಕಿ ತೇವ ಎಳೆಯೋದು ಬಹಳ ಕಡಿಮೆ, ಅದರ ಹಿಟ್ಟಿನ ಧೂಳು ಜೂಮ್ ರಿಂಗಿನೊಳಗೆ ಹೋಗಿ ಕೂರತ್ತೆ. ಗಟ್ಟಿ ಮುಚ್ಚಳದ, ರಬ್ಬರ್ ಪಟ್ಟಿ ಇರೋ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ಒಳಗೆ ಸಿಲಿಕಾ ಜೆಲ್ ಮತ್ತೆ ಒಂದು ಸಣ್ಣ ತೇವಾಂಶ ಮೀಟರ್. ಮೀಟರ್ 40ರಿಂದ 50 ಪರ್ಸೆಂಟ್ ತೋರಿಸ್ಬೇಕು. ನಮ್ಮಲ್ಲಿ ಹೊರಗೆ ಆಷಾಢದಲ್ಲಿ 90 ದಾಟಿರತ್ತೆ. ನೀಲಿ ಜೆಲ್ ಗುಲಾಬಿ ಆದ್ರೆ ತೇವ ತುಂಬಿದೆ ಅಂತ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿ ಮೇಲಿಟ್ಟು ಮತ್ತೆ ನೀಲಿ ಬರೋ ತನಕ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಲೆದರ್ ಕೇಸ್, ಬಟ್ಟೆ ಬ್ಯಾಗು ಎರಡನ್ನೂ ಡಬ್ಬದೊಳಗೆ ಇಡ್ಬೇಡಿ, ಮೊದಲು ಬೂಷ್ಟು ಬರೋದೇ ಅವಕ್ಕೆ.

ಸೊರಬದ_ಮೇಷ್ಟ್ರು:
ನಮ್ಮ ಹಿರಿಯರು ಕಾಗದ ಪತ್ರ, ಬೀಜ ಎಲ್ಲ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು, ಅಲ್ಲಿ ಬೂಷ್ಟು ಬರ್ತಿರಲಿಲ್ಲ. ಕ್ಯಾಮೆರಾನೂ ಬಚ್ಚಲೊಲೆ ಹತ್ರ ಅಟ್ಟದಲ್ಲಿ ಇಡಬಹುದಲ್ಲ.

ಮೇಗರವಳ್ಳಿ_ಮಳೆ:
ಮೇಷ್ಟ್ರೇ, ಹೊಗೆ ಬರತ್ತಲ್ಲ. ಹೊಗೆಯ ಜಿಡ್ಡು ಗಾಜಿನ ಮೇಲೆ ಕೂತ್ರೆ ಫಂಗಸ್‌ಗಿಂತ ಮೊದಲು ಅದೇ ಫೋಟೋ ಮಬ್ಬು ಮಾಡತ್ತೆ. ಹೊಗೆ ಬರದ ಅಟ್ಟ ಆದ್ರೆ ಪರ್ವಾಗಿಲ್ಲ.

ಗೋಪಿಸರ್ಕಲ್:
ಬಿಸಿಲಿಗೆ ಇಟ್ರೂ ಆಗತ್ತೆ.

ಮೇಗರವಳ್ಳಿ_ಮಳೆ:
ಕ್ಯಾಪ್ ತೆಗೆದು ಸೂರ್ಯನಿಗೆ ನೇರ ಮುಖ ಮಾಡಿ ಇಡ್ಬೇಡಿ. ಲೆನ್ಸು ಬೆಳಕನ್ನ ಒಂದು ಕಡೆ ಕೂಡಿಸತ್ತೆ, ಕ್ಯಾಮೆರಾಗೆ ಹಾಕಿದ್ರೆ ಒಳಗೆ ಸುಡತ್ತೆ, ಬಿಚ್ಚಿಟ್ರೆ ಹಿಂದಿರೋ ಬಟ್ಟೆ ಕಾಗದ ಸುಡಬಹುದು. ಮತ್ತೆ ಆಗಲೇ ಹಿಡಿದ ಫಂಗಸ್ ಬಿಸಿಲಿಗೆ ಹೋಗಲ್ಲ, ಬಿಚ್ಚಿ ಒರೆಸಲೇಬೇಕು. ಶುರುವಿನಲ್ಲೇ ಒರೆಸಿದ್ರೆ ಪೂರ್ತಿ ಹೋಗತ್ತೆ, ವರ್ಷ ಬಿಟ್ರೆ ಗಾಜಿನ ಕೋಟಿಂಗನ್ನೇ ತಿಂದಿರತ್ತೆ.

ಅಂಗಳದಿಂದ (ಹೊಸನಗರ):
ವಿಷಯ ಎಲ್ಲಿಗೋ ಹೋಯ್ತು. ಆದ್ರೂ ಉಪಯೋಗ ಆಯ್ತು, ನಮ್ಮ ಮಾವನವರ ಹಳೆ ಫಿಲ್ಮ್ ಕ್ಯಾಮೆರಾ ಪೆಟ್ಟಿಗೆಯಲ್ಲಿದೆ, ನಾಳೆನೇ ತೆಗೆದು ನೋಡ್ತೀನಿ.

ಸೊರಬದ_ಮೇಷ್ಟ್ರು:
ಮೂಲ ಪ್ರಶ್ನೆಗೆ ಬರ್ತೀನಿ. ವಾರಕ್ಕೊಂದು ವಿಷಯ ಕೊಡೋ ಪಟ್ಟಿಗಳು ಇಂಟರ್ನೆಟ್ಟಲ್ಲಿ ಬೇಕಾದಷ್ಟು ಸಿಗತ್ವೆ. ಈ ವಾರ ಕೆಂಪು ಬಣ್ಣ, ಮುಂದಿನ ವಾರ ನೆರಳು, ಅದರ ಮುಂದಿನ ವಾರ ಕಿಟಕಿ. ವಿಷಯ ಇದ್ರೆ ಏನು ತೆಗೀಲಿ ಅಂತ ತಲೆ ಕೆಡಿಸ್ಕೊಳ್ಳೋದು ತಪ್ಪತ್ತೆ, ಅದು ಒಳ್ಳೇದೇ. ಆದ್ರೆ ಆ ಪಟ್ಟಿಗಳು ಬೇರೆ ದೇಶದ ಹವಾಮಾನಕ್ಕೆ ಮಾಡಿದ್ದು. ಅಕ್ಟೋಬರಿನಲ್ಲಿ ಉದುರೋ ಹಳದಿ ಎಲೆ, ಡಿಸೆಂಬರಲ್ಲಿ ಹಿಮ. ನಮ್ಮ ಕಾಡು ಅಕ್ಟೋಬರಿನಲ್ಲಿ ಹಸಿರು ಉಕ್ಕಿರತ್ತೆ.
ನನ್ನ ಸಲಹೆ ಏನಂದ್ರೆ ನಮ್ಮ ಮಳೆ ನಕ್ಷತ್ರಗಳನ್ನೇ ಪಟ್ಟಿ ಮಾಡ್ಕೊಳ್ಳಿ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ, ಅಂದ್ರೆ ಹೆಚ್ಚುಕಮ್ಮಿ ಎರಡೆರಡು ವಾರ. ಈಗ ಆರಿದ್ರಾ, ಜುಲೈ ಐದಾರಕ್ಕೆ ಪುನರ್ವಸು, ಇಪ್ಪತ್ತರ ಹೊತ್ತಿಗೆ ಪುಷ್ಯ, ಆಗಸ್ಟ್ ಮೊದಲ ವಾರದಲ್ಲಿ ಆಶ್ಲೇಷ, ಆಮೇಲೆ ಮಘಾ. ಒಂದು ಮಳೆಗೆ ಒಂದೇ ವಿಷಯ ಇಟ್ಕೊಳ್ಳಿ. ಮೊದಲ ವಾರ ತೆಗೀರಿ, ಹಳೇಸ್ಟುಡಿಯೋದವರು ಹೇಳಿದ ಹಾಗೆ ಎರಡು ಸಾಲು ಬರೀರಿ, ಎರಡನೇ ವಾರ ಅದನ್ನೇ ಆ ಎರಡು ಸಾಲು ಇಟ್ಕೊಂಡು ಮತ್ತೆ ತೆಗೀರಿ. ಎರಡನೇದು ಮೊದಲನೇದಕ್ಕಿಂತ ಚೂರಾದ್ರೂ ಮುಂದೆ ಹೋಗಿರ್ಬೇಕು. ಪ್ರತಿ ವಾರ ಹೊಸ ವಿಷಯ ಆದ್ರೆ ತಿದ್ದಿಕೊಳ್ಳೋಕೆ ಅವಕಾಶವೇ ಇರಲ್ಲ, ಕಾಪಿ ತಿದ್ದಿ ಕೊಟ್ಟ ಮೇಲೆ ಹುಡುಗರು ಅದೇ ಲೆಕ್ಕ ಇನ್ನೊಂದು ಸಲ ಮಾಡಿದ್ರೆ ಮಾತ್ರ ಕಲಿಯೋದು ಅಂತ ನಾನು ಕ್ಲಾಸಿನಲ್ಲಿ ದಿನಾ ನೋಡ್ತೀನಿ.

ತುಂಗಾದಡ:
ಮೇಷ್ಟ್ರೇ ಇದು ಬಹಳ ಒಳ್ಳೆ ಐಡಿಯಾ. ಪುನರ್ವಸುವಿನಿಂದ ಹಿಡಿದುಬಿಡ್ತೀನಿ. ಭತ್ತದ ನಟ್ಟಿ ಶುರುವಾಗಿರತ್ತೆ ಆಗ.

ಹಾವಕ್ಕಿ:
ವಿಷಯ ನಟ್ಟಿ ಇಟ್ಕೊಳ್ಳಿ, ಆದ್ರೆ ಗದ್ದೆ ಅಂಚಿನ ಮೇಲೆ ನಿಂತು ಫೋಟೋ ತೆಗೆದು ಹೋಗೋ ಹಾಗೆ ಮಾಡ್ಬೇಡಿ. ಕೆಸರಿಗಿಳಿದು ಅರ್ಧ ದಿನ ಅವರ ಜೊತೆ ಇರಿ, ಅಗೆ (ಸಸಿ) ಕಟ್ಟು ಎತ್ತಿ ಕೊಡಿ. ಹೆಂಗಸರು ಬಗ್ಗಿ ನಡುನೋವಲ್ಲಿ ಕೆಲಸ ಮಾಡ್ತಿರ್ತಾರೆ, ಕೇಳದೆ ಹಿಂದಿನಿಂದ ಫೋಟೋ ತೆಗೆದ್ರೆ ಯಾರಿಗೂ ಇಷ್ಟ ಆಗಲ್ಲ.

ಅಂಗಳದಿಂದ (ಹೊಸನಗರ):
ಹಾವಕ್ಕಿ ಅವ್ರಿಗೆ ಕೈ ಮುಗಿದೆ. ಇದನ್ನ ಗಂಡಸರು ಹೇಳೋದು ಕಡಿಮೆ.

ಹಳೇಸ್ಟುಡಿಯೋ:
ಮತ್ತೆ ಯಾರ ಫೋಟೋ ತೆಗೆದ್ರೋ ಅವರಿಗೆ ಒಂದು ಪ್ರಿಂಟ್ ಕೊಡಿ. ವಾಟ್ಸಾಪ್ ಬೇಡ, ಕಾಗದದ್ದು. ಎರಡನೇ ಸಲ ಹೋದಾಗ ಅವರೇ ಮಾತಾಡಿಸ್ತಾರೆ, ಮುಖದಲ್ಲಿ ಬಿಗಿತ ಹೋಗಿರತ್ತೆ. ವಾರ ವಾರ ಹೋಗೋ ಅಭ್ಯಾಸದ ದೊಡ್ಡ ಲಾಭ ಅದೇ, ಜನ ನಿಮ್ಮನ್ನ ಮರೆತು ಕೆಲಸ ಮಾಡ್ತಾರೆ.

ಗೋಪಿಸರ್ಕಲ್:
ಸರಿ, ಈಗ ಮಳೆಯಲ್ಲಿ ಸೆಟ್ಟಿಂಗ್ ಬಗ್ಗೆ ಯಾರಾದ್ರೂ ಹೇಳಿ, ಇಲ್ಲ ಅಂದ್ರೆ ಇದು ಬರೀ ತತ್ವ ಆಗತ್ತೆ. ನಾನೇ ಶುರು ಮಾಡ್ತೀನಿ. ಮಳೆ ಗೆರೆಗೆರೆಯಾಗಿ ಕಾಣ್ಬೇಕಂದ್ರೆ ಶಟರ್ 1/60 ಆಸುಪಾಸು, ಹನಿ ಹನಿಯಾಗಿ ನಿಲ್ಲಬೇಕಂದ್ರೆ 1/500 ಮೇಲೆ. ಎರಡಕ್ಕೂ ಹಿಂದೆ ಕಪ್ಪು ಇರ್ಬೇಕು, ತೋಟದ ಕತ್ತಲೆ ಅಥವಾ ಹೆಂಚಿನ ಮನೆಯ ತೆರೆದ ಬಾಗಿಲು. ಬಿಳಿ ಆಕಾಶದ ಎದುರು ಮಳೆ ಕಾಣಲ್ಲ. ಮಂಜು ಇದ್ದಾಗ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದ್ರೆ ಬೆಳಕು ಅರ್ಧಕ್ಕೆ, ಕಡಿಮೆ ಮಾಡಿ, ಇಲ್ಲ ಅಂದ್ರೆ ಬೆಳ್ಳಗೆ ಹೊಡೆಯತ್ತೆ.

ಹಾವಕ್ಕಿ:
ಮಳೆದು ಸರಿ, ಮಂಜಿಂದು ಉಲ್ಟಾ. ಕ್ಯಾಮೆರಾ ಮೀಟರ್ ಏನು ಕಂಡ್ರೂ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡತ್ತೆ. ಚೌಕಟ್ಟು ತುಂಬ ಬಿಳಿ ಮಂಜು ಇದ್ರೆ ಅದನ್ನ ಬೂದು ಮಾಡತ್ತೆ, ಆಗುಂಬೆ ಘಾಟಿ ಮಂಜು ಕೊಳಕು ನೀರಿನ ಬಣ್ಣಕ್ಕೆ ಬರೋದು ಅದಕ್ಕೇ. ಮಂಜಿಗೆ ಒಂದು ಸ್ಟಾಪ್ ಜಾಸ್ತಿ ಮಾಡ್ಬೇಕು. ಕಡಿಮೆ ಮಾಡೋದು ಮಂಡಗದ್ದೆ ಬೆಳ್ಳಕ್ಕಿಗೆ. ಅಲ್ಲಿ ಹಕ್ಕಿ ಚಿಕ್ಕದು, ಸುತ್ತ ಕಡು ಹಸಿರು ಮರ, ಕ್ಯಾಮೆರಾ ಮರ ನೋಡಿ ಬೆಳಕು ಹೆಚ್ಚು ಮಾಡತ್ತೆ, ಬೆಳ್ಳಕ್ಕಿ ಗರಿ ಎಲ್ಲ ಸುಣ್ಣ ಬಳಿದ ಹಾಗೆ ಆಗತ್ತೆ. ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸೋ ಬೆಳಕಿನ ಗ್ರಾಫ್) ಬಲಗಡೆ ಗೋಡೆಗೆ ತಾಗಿದ್ಯಾ ನೋಡ್ಕೊಳ್ಳಿ, ರಾ ಫೈಲಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೀರಿ.

ಗೋಪಿಸರ್ಕಲ್:
ಹೌದು, ಮಂಜಿಗೆ ಪ್ಲಸ್, ನೀವು ಹೇಳಿದ್ದೇ ಸರಿ.

ಹಾವಕ್ಕಿ:
ಇನ್ನೊಂದು, ಪೋಲರೈಸರ್ ಫಿಲ್ಟರ್ ಅಂದ್ರೆ ನೀಲಿ ಆಕಾಶಕ್ಕೆ ಅಂತ ಎಲ್ಲರೂ ತಿಳ್ಕೊಂಡಿದಾರೆ. ಮಲೆನಾಡಿನವರಿಗೆ ಅದು ಮಳೆಗಾಲಕ್ಕೇ ಬೇಕು. ಒದ್ದೆ ಎಲೆ, ಒದ್ದೆ ಬಂಡೆ ಮೇಲೆ ಆಕಾಶದ ಬಿಳಿ ಹೊಳಪು ಕೂತಿರತ್ತೆ, ಫಿಲ್ಟರ್ ತಿರುಗಿಸಿದ ಹಾಗೆ ಅದು ಹೋಗಿ ಒಳಗಿನ ಹಸಿರು ಕಾಣತ್ತೆ. ಆದ್ರೆ ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನತ್ತೆ, ಹಾಗಾಗಿ ಕಾಡೊಳಗೆ ಟ್ರೈಪಾಡ್ ಬೇಕೇ ಬೇಕು.

ಭದ್ರಾವತಿ_ಟೌನ್:
ಮಂಡಗದ್ದೆಗೆ ಈಗ ಹೋಗ್ಬಹುದಾ?

ಹಾವಕ್ಕಿ:
ಹೋಗಿ, ಗೂಡು ಕಟ್ಟೋ ಕಾಲ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಮೂರೂ ಸಿಗತ್ತೆ. ಶಿವಮೊಗ್ಗದಿಂದ ಮೂವತ್ತು ಕಿಲೋಮೀಟರ್, ರಸ್ತೆ ಪಕ್ಕದ ವೀಕ್ಷಣಾ ಗೋಪುರದಿಂದಲೇ ನೋಡಿ. ಚಪ್ಪಾಳೆ ತಟ್ಟಿ ಹಾರಿಸೋದು, ಡ್ರೋನ್ ಬಿಡೋದು ಮಾಡ್ಬೇಡಿ. ದೊಡ್ಡ ಹಕ್ಕಿ ಎದ್ದು ಹೋದ ಸ್ವಲ್ಪ ಹೊತ್ತಿಗೇ ಮೊಟ್ಟೆ ಮರಿ ಮಳೆಗೆ ನೆನೆಯತ್ತೆ, ಕಾಗೆ ಹದ್ದು ಕಾಯ್ತಿರತ್ತೆ.

ಸಾಗರ_ಸೀಮೆ:
ಡ್ರೋನ್ 250 ಗ್ರಾಂ ಒಳಗಿದ್ರೆ ಪರವಾನಗಿ ಬೇಡ ಅಂತಾರಲ್ಲ.

ಹಾವಕ್ಕಿ:
ಪೈಲಟ್ ಲೈಸೆನ್ಸ್ ಬೇಡ ಅನ್ನೋದು ಬೇರೆ, ಪಕ್ಷಿಧಾಮದ ಮೇಲೆ ಹಾರಿಸಬಹುದು ಅನ್ನೋದು ಬೇರೆ. ಅಲ್ಲಿ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು. ಹಕ್ಕಿಗೆ ನಿಮ್ಮ ಡ್ರೋನ್ ಎಷ್ಟು ಗ್ರಾಂ ಅಂತ ಗೊತ್ತಿರಲ್ಲ.

ಭದ್ರಾವತಿ_ಟೌನ್:
ಇನ್ನೊಂದು ಪ್ರಶ್ನೆ. ವಾರದ ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕ್ಬೇಕಾ? ನನಗೆ ಹಾಕಿದ್ರೇ ಉತ್ಸಾಹ, ಯಾರಾದ್ರೂ ಕಾಯ್ತಿದಾರೆ ಅಂದ್ರೆ ತಪ್ಪಿಸೋಕೆ ಮನಸ್ಸು ಬರಲ್ಲ.

ಗೋಪಿಸರ್ಕಲ್:
ಹಾಕ್ಲೇಬೇಕು. ಗಡುವು ಇಲ್ದಿದ್ರೆ ಅಭ್ಯಾಸ ಉಳಿಯಲ್ಲ.

ಅಂಗಳದಿಂದ (ಹೊಸನಗರ):
ನಾನು ಹಾಕೋದು ಬಿಟ್ಟೆ. ಸೂರ್ಯಾಸ್ತ ಹಾಕಿದ್ರೆ ನೂರಾರು ಲೈಕು, ಅತ್ತೆ ಕಾಲಿನ ಫೋಟೋಗೆ ನಮ್ಮ ಅಕ್ಕಂದು ಮಾತ್ರ. ಹೀಗೇ ಆದ್ರೆ ಮುಂದಿನ ವಾರ ನಮ್ಗೇ ಗೊತ್ತಿಲ್ದೆ ಸೂರ್ಯಾಸ್ತಕ್ಕೆ ಹೋಗ್ತೀವಿ. ಫೋಟೋ ಸರಿಯಾಗಿ ನೋಡಿ ಹೇಳೋ ಇಬ್ರು ಮೂವರು ಸಾಕು. ನಂಗೆ ನನ್ನ ತಂಗಿ ಇದಾಳೆ, 'ಅಕ್ಕ ಇದ್ರಲ್ಲಿ ಆ ಬಕೆಟ್ ಎಂತಕ್ಕೆ' ಅಂತ ಕೇಳ್ತಾಳೆ, ಅದು ನೂರು ಲೈಕಿಗಿಂತ ದೊಡ್ಡದು.

ಭದ್ರಾವತಿ_ಟೌನ್:
ಅಕ್ಕ, ಮೊಬೈಲಲ್ಲಿ ತೆಗೆಯೋವಾಗ ನೀವು ಏನೇನು ಗಮನಿಸ್ತೀರಿ?

ಅಂಗಳದಿಂದ (ಹೊಸನಗರ):
ಮೊದಲು ಲೆನ್ಸ್ ಒರೆಸ್ತೀನಿ, ಅಡುಗೆಮನೆ ಕೈ ಅಲ್ವಾ. ಬೆರಳಲ್ಲಿ ಎಳೆದು ಜೂಮ್ ಮಾಡಲ್ಲ, ಹತ್ರ ಹೋಗ್ತೀನಿ. ಬೇಕಾದ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನ ಸ್ವಲ್ಪ ಕೆಳಗೆ ಎಳೀತೀನಿ, ಮೊಬೈಲು ಯಾವಾಗ್ಲೂ ಜಾಸ್ತಿ ಬೆಳಕು ಮಾಡತ್ತೆ, ಮಳೆಗಾಲದ ಕತ್ತಲೆ ಕತ್ತಲೆ ತರಾನೇ ಇರ್ಬೇಕಲ್ಲ. ಬ್ಯೂಟಿ ಮೋಡ್ ಆಫ್. ಅತ್ತೆ ಮುಖದ ಸುಕ್ಕು ಒರೆಸೋಕೆ ಅದ್ಯಾರು.

ಹಳೇಸ್ಟುಡಿಯೋ:
ತುಂಗಾದಡ, ಇನ್ನೊಂದು ಸಣ್ಣ ಕೆಲಸ. ನಿನ್ನ ಈ ಆರು ತಿಂಗಳ ಫೋಟೋಗಳ ಎಕ್ಸಿಫ್ (ಫೋಟೋ ಫೈಲಿನೊಳಗಿರೋ ಸೆಟ್ಟಿಂಗ್ ದಾಖಲೆ) ತೆಗೆದು ನೋಡು. ಯಾವ ಫೋಕಲ್ ಲೆಂಗ್ತ್, ಎಷ್ಟು ಹೊತ್ತಿಗೆ ಅಂತ ಅದರಲ್ಲಿರತ್ತೆ. ನಿಂತು ತೆಗೆದದ್ದಾ ಕೂತಾ ಅಂತ ಫೋಟೋ ನೋಡಿ ನೆನಪು ಮಾಡ್ಕೋ. ಬರೀ ಅಷ್ಟೇ ಬಂದು ಇಲ್ಲಿ ಹೇಳು.

ತುಂಗಾದಡ:
ನೋಡಿದೆ ಸರ್. ಹೆಚ್ಚುಕಮ್ಮಿ ಎಲ್ಲ 18 ಅಥವಾ 250. ಮಧ್ಯದಲ್ಲಿ ಏನೂ ಇಲ್ಲ. ಬೆಟ್ಟ ನದಿ ಆದ್ರೆ 18, ಜನ ಹಕ್ಕಿ ಆದ್ರೆ 250. ಎಲ್ಲವೂ ನಿಂತ್ಕೊಂಡು ಕಣ್ಣಿನ ಎತ್ತರಕ್ಕೆ. ಜನರಿದ್ದ ಫೋಟೋ ಒಂದರಲ್ಲೂ ನಾನು ಅವರ ಹತ್ರ ಇಲ್ಲ, ಎಲ್ಲ ದೂರದಿಂದ.

ಹಳೇಸ್ಟುಡಿಯೋ:
ಸಿಕ್ತಲ್ಲ. ಪುನರ್ವಸು ಪೂರ್ತಿ 18-55ನ್ನ 35ಕ್ಕೆ ಇಟ್ಟು ಟೇಪ್ ಅಂಟಿಸು. ಹತ್ರ ಬೇಕಂದ್ರೆ ಕಾಲಲ್ಲಿ ಹೋಗು. ನಿನ್ನ ಕ್ಯಾಮೆರಾಗೆ 35 ಅಂದ್ರೆ ಫಿಲ್ಮ್ ಕಾಲದ 50ರ ಸಮ, ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸ್ಸಾನ್ ಹೆಚ್ಚಿನ ಕೆಲಸ ಮಾಡಿದ್ದು 50ರಲ್ಲೇ.

ಗೋಪಿಸರ್ಕಲ್:
ಹಾಗಾದ್ರೆ ನಾನು ಹೇಳಿದ 50 ತಗೋಬೇಡ, 35 ಎಂಎಂ ತಗೋ. ಕ್ರಾಪ್ ಸೆನ್ಸರಲ್ಲಿ 50 ಹಾಕಿದ್ರೆ 75-80ರ ಹಾಗೆ ಕಾಣತ್ತೆ, ಮನೆ ಒಳಗೆ ಇಕ್ಕಟ್ಟು.

ಅಂಗಳದಿಂದ (ಹೊಸನಗರ):
ಟೇಪ್ ಸಾಕು ತಮ್ಮ, ಲೆನ್ಸ್ ದೀಪಾವಳಿಗೆ ತಗೊಳ್ಳುವಿರಂತೆ.

ಭದ್ರಾವತಿ_ಟೌನ್:
ಶಿವಮೊಗ್ಗದಲ್ಲಿ ಇರೋರಿಗೆ ಪ್ರತಿ ವಾರ ಒಂದೇ ಜಾಗ ಅಂದ್ರೆ ಯಾವ್ದು?

ಗೋಪಿಸರ್ಕಲ್:
ಕೋರ್ಪಲಯ್ಯನ ಛತ್ರದ ಹತ್ರ ತುಂಗೆಯಲ್ಲಿರೋ ಮಂಟಪ. ಮಂಟಪ ಮುಳುಗಿದ್ರೆ ಹೊಳೆ ತುಂಬಿತು ಅಂತ ಊರೇ ಮಾತಾಡತ್ತೆ. ಈಗಿಂದ ಆಗಸ್ಟ್ ತನಕ ವಾರ ವಾರ ಒಂದೇ ಕಡೆ ನಿಂತು ತೆಗೆದ್ರೆ ನೀರು ಮೆಟ್ಟಿಲು, ಕಂಬ, ಸೂರು ಅಂತ ಏರೋದು ಸಾಲಾಗಿ ಸಿಗತ್ತೆ. ನೋಡೋಕೆ ಬರೋ ಜನಾನೂ ತೆಗೀರಿ, ನಾನಂತೂ ಹೊಳೆಗಿಂತ ಅವರ ಮುಖವನ್ನೇ ಹೆಚ್ಚು ತೆಗೆಯೋದು.

ಮೇಗರವಳ್ಳಿ_ಮಳೆ:
ನಮ್ಮಲ್ಲಿ ಹೊಳವು ಕೊಟ್ಟಾಗ (ಮಳೆ ಬಿಡುವು ಕೊಟ್ಟಾಗ) ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯೋದು ಶುರುವಾಗತ್ತೆ. ಮರ ಹತ್ತಿ ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟ್ತಾರೆ, ಬೋರ್ಡೋ (ಮೈಲುತುತ್ತ ಸುಣ್ಣದ ದ್ರಾವಣ) ಬಿದ್ದು ಎಲೆ ಎಲ್ಲ ನೀಲಿ. ನನ್ನ ಪುನರ್ವಸು ವಿಷಯ ಅದೇ. ಲೆನ್ಸಿಗೆ ಔಷಧಿ ಹನಿ ಬೀಳದ ಹಾಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಮುಂದೆ ಹುಡ್ ಹಾಕಿ.

ತುಂಗಾದಡ:
ನಾನು ನಮ್ಮನೆ ಹಿಂದಿನ ಗದ್ದೆ ಇಟ್ಕೊಳ್ತೀನಿ. ಅಲ್ಲಿ ನಟ್ಟಿಗೆ ಬರೋರು ಎಲ್ಲ ಅಮ್ಮನ ಪರಿಚಯದವರೇ, ನಾನೇ ಇಷ್ಟು ದಿನ ಮಾತಾಡ್ಸಿಲ್ಲ. 35ಕ್ಕೆ ಟೇಪ್ ಅಂಟಿಸಿ ಆಯ್ತು. ಮೊದಲ ವಾರದ್ದು ಇಲ್ಲೇ ಹಾಕ್ತೀನಿ, ಎರಡು ಸಾಲಿನ ಜೊತೆಗೆ. ನೀವೆಲ್ಲ ಬಕೆಟ್ ಎಂತಕ್ಕೆ ಅಂತ ಕೇಳ್ಬೇಕು.

ಅಂಗಳದಿಂದ (ಹೊಸನಗರ):
ಕೇಳದೆ ಬಿಡ್ತೀವಾ.

ಸೊರಬದ_ಮೇಷ್ಟ್ರು:
ನಾನು ಕೆರೆ ಏರಿ ಇಟ್ಕೊಂಡಿದೀನಿ. ತುಂಗಾದಡ, ಗದ್ದೆಗೆ ಹೋಗೋವಾಗ ಕಾಲಿಗೆ ಸುಣ್ಣ ತಂಬಾಕು ಹಚ್ಕೊಂಡು ಹೋಗಿ, ಇಂಬಳ (ಜಿಗಣೆ) ವಿಪರೀತ ಈ ವರ್ಷ.

ಭದ್ರಾವತಿ_ಟೌನ್:
ಇಂಬಳಕ್ಕೆ ಉಪ್ಪು ಒಳ್ಳೇದಾ ಸುಣ್ಣ ಒಳ್ಳೇದಾ?

ಮೇಗರವಳ್ಳಿ_ಮಳೆ:
ಉಪ್ಪು ಮಳೆಗೆ ಕರಗಿ ಹೋಗತ್ತೆ. ಕೊಬ್ಬರಿ ಎಣ್ಣೆಗೆ ತಂಬಾಕು ಸೇರ್ಸಿ ಹಚ್ಚಿ. ಕ್ಯಾಮೆರಾ ಹಿಡಿಯೋ ಮೊದಲು ಕೈ ಸೋಪಲ್ಲಿ ತೊಳ್ಕೊಳ್ಳಿ.